ಮೀರಾಬಿಯ ಕಣ್ಣಿನ ಹಳದಿ

ಹುಬ್ಬಳ್ಳಿ
೮ ಜನವರಿ ೧೯೩೯

ಪ್ರೀತಿಯ ಅವ್ವನಿಗೆ ನಿರುಪಮಾಳ ನಮಸ್ಕಾರಗಳು.

ಇವತ್ತು ಮೀರಾಬಿ ಎದ್ದು ಕುಳಿತು ಎರಡು ಬಿಸಿ ರೊಟ್ಟಿ ತಿಂದಳು. ದವಾಖಾನೆಯವರೆಲ್ಲ ಹಬ್ಬದ ಉಮೇದಿಯಲ್ಲಿದ್ದೇವೆ. ಆಕೆ ಸೈಕಲ್ ರಿಪೇರಿಯ ಕಮರುದ್ದೀನನ ಹೆಂಡತಿ, ಎರಡು ಮಕ್ಕಳ ತಾಯಿ. ಯಕೃತ್ತಿನಲ್ಲಿ ಗಡ್ಡೆ ಬೆಳೆದಿತ್ತು. ಮೂರು ವಾರದ ಹಿಂದೆ ಡಾಕ್ಟರ್ ಯಜ್ಞೇಶ್ವರರಾಯರು ಗಡ್ಡೆಯ ಜೊತೆಗೆ ಯಕೃತ್ತಿನ ಒಂದು ಭಾಗವನ್ನೇ ಕತ್ತರಿಸಿ ತೆಗೆದರು. ಆಗ ರಕ್ತ ಚಿಮ್ಮದಂತೆ ರಕ್ತನಾಳವನ್ನು ಬೆರಳಿನಿಂದ ಒತ್ತಿ ಹಿಡಿದವಳು ನಾನು. “ಸಾಕು, ಲಗೂ ಬಿಡ್ರಿ. ಉಳಿದದ್ದು ಮತ್ತ ಬೆಳೀಬೇಕಂದ್ರ ಅದಕ್ಕ ರಕ್ತ ಬೇಕು” ಎಂದು ರಾಯರು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು.

ಆದರೂ ಬಹಳ ರಕ್ತ ಹೋಗಿತ್ತು. ಮರುದಿನ ಶನಿವಾರ ನಾಡಿ ಕ್ಷೀಣಿಸಿತು, ಕಣ್ಣು ಹಳದಿಯಾದವು. ಉಳಿದ ಯಕೃತ್ತಿಗೆ ರಕ್ತ ಸಾಲದೆ ಅದು ಬೆಳೆಯುವುದಿರಲಿ, ಸೊರಗುತ್ತಿದೆ ಎಂದರು ರಾಯರು. ಬೇರೆಯವರ ರಕ್ತ ಕೊಡಬೇಕಿತ್ತು. ಗಂಡನದು ಹೊಂದಲಿಲ್ಲ, ತಂಗಿ ಅಬೀದಾಳದೂ ಹೊಂದಲಿಲ್ಲ. ಕಮರುದ್ದೀನ ಅಳುತ್ತ ಹೊರಗೆ ಹೋದ. ತಿರುಗಿ ಬಂದಾಗ ಅವನ ಹಿಂದೆ ಅಪ್ಪ ಇದ್ದರು.

ಹೌದು ಅವ್ವ, ನಮ್ಮ ಅಪ್ಪ. ನಾನು ಡಾಕ್ಟರಕಿ ಕಲಿಯಲು ಮುಂಬಯಿಗೆ ಹೊರಟಂದಿನಿಂದ ಏಳು ವರ್ಷ ನನ್ನೊಡನೆ ಮಾತು ಬಿಟ್ಟವರು. ಅಂಗಿಯ ತೋಳು ಏರಿಸಿ, “ನಂದು ನೋಡ್ರಿ” ಎಂದರು, ರಾಯರಿಗೆ. ಹೊಂದಿತು.

ಸೂಜಿ ಚುಚ್ಚಿದವಳು ನಾನೇ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ರಕ್ತ ಇಳಿಯತೊಡಗಿದಾಗ, “ಊಟಾ ಆತೇನು ನಿಂದು?” ಎಂದು ಕೇಳಿದರು. ಇಲ್ಲ ಎಂದೆ. “ಮೊದಲ ಉಣ್ಣು. ಈಕಿ ಎದ್ದು ಕೂಡೂ ತನಕಾ ನಿಮ್ಮವ್ವಗ ಏನೂ ಹೇಳಬ್ಯಾಡ” ಎಂದರು. ಆ ದಿನ ನಾನು ಅಳುತ್ತಲೇ ಉಂಡೆ.

ಒಂದೆರಡು ದಿನಗಳಲ್ಲೇ ಮೀರಾಬಿಯ ನಾಡಿ ಬಲವಾಯಿತು. ಹಳದಿ ಮಾತ್ರ ಹತ್ತು ದಿನ ಹಟ ಹಿಡಿದಿತ್ತು, ಆಮೇಲೆ ಇಳಿಯಿತು. ನಿನ್ನೆ ರಾಯರು ಹೊಟ್ಟೆ ಮುಟ್ಟಿ ನೋಡಿ, ಯಕೃತ್ತು ಬೆಳೆಯುತ್ತಿದೆ ಎಂದು ನಕ್ಕರು. ಇವತ್ತು ಅವಳ ಕಣ್ಣು ಮಲ್ಲಿಗೆಯಷ್ಟು ಬೆಳ್ಳಗಿವೆ.

ಬರುವ ರವಿವಾರ ಮನೆಗೆ ಬರುತ್ತೇನೆ. ಮೂವರೂ ಕೂಡಿ ಉಣ್ಣೋಣ.

ನಿನ್ನ ಮಗಳು
ನಿರುಪಮಾ

ತಾ.ಕ.: ಅಪ್ಪ ಶನಿವಾರ ಶನಿವಾರ ಗಾಯನ ಕೇಳಲು ಹುಬ್ಬಳ್ಳಿಗೆ ಬರುತ್ತಾರೆಂದು ನೀನು ತಿಳಿದಿರುವೆ. ಚಹಾದಂಗಡಿಯ ಗುಲಾಬಸಾಬ ಇವತ್ತು ಹೇಳಿದ: ಒಂದು ವರ್ಷದಿಂದ ಅವರು ದವಾಖಾನೆಯ ಎದುರಿನ ಅವನ ಬೆಂಚಿನ ಮೇಲೆ ಕುಳಿತು, ನಾನು ಹೊರಗೆ ಬಂದು ಹೋಗುವುದನ್ನು ನೋಡಿ, ಸಂಜೆಯ ಗಾಡಿಗೆ ಧಾರವಾಡಕ್ಕೆ ಮರಳುತ್ತಿದ್ದರಂತೆ.