ಅಪ್ಪನ ಸರದಿ

ಹೆಣ್ಣುಮಕ್ಕಳ ಹಾಸ್ಟೆಲ್, ಎರಡನೇ ಮಹಡಿ
ಅಕ್ಟೋಬರ್ ೯, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪ,

ಮೊದಲಿಗೇ ಸಾರಿ. ಕವರಿನ ಮೇಲೆ ನನ್ನ ಅಕ್ಷರ ನೋಡಿ ನಿಮ್ಮ ಎದೆ ಧಸಕ್ಕೆಂದಿರುತ್ತದೆ, ಗೊತ್ತು. ಈಗ ಯಾರೂ ಒಳ್ಳೆಯ ಸುದ್ದಿಯನ್ನು ಕಾಗದದಲ್ಲಿ ಬರೆದು ಕಳಿಸುವುದಿಲ್ಲ. ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಇದ್ದೇವೆ. ಅಷ್ಟನ್ನು ಓದಿ ಒಂದು ಲೋಟ ನೀರು ಕುಡಿದು ಮುಂದಕ್ಕೆ ಬನ್ನಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಡಗಿನಿಂದ ಬರುವ ನಿಮ್ಮ ಕರೆ ಹೇಗಿರುತ್ತದೆ ಅಂತ ಇಬ್ಬರಿಗೂ ಗೊತ್ತಲ್ಲ. ನೀವು ಚೆನ್ನಾಗಿದ್ದೀಯಾ ಅನ್ನುತ್ತೀರಿ, ನಾನು ಹೂಂ ನೀವು ಅನ್ನುತ್ತೇನೆ, ಅಷ್ಟರಲ್ಲಿ ಲೈನ್ ಕಟ್. ಜೊತೆಗೆ ಈಚೆಗೆ ನನಗೆ ಫೋನ್ ಅಂದರೇ ಒಂಥರಾ ಆಗಿದೆ. ಯಾಕೆ ಅಂತ ಕೆಳಗೆ ಬರುತ್ತದೆ. ನನ್ನ ಕನ್ನಡ ನೋಡಿ ನಗಬೇಡಿ. ಐದನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದವರು ನೀವು. ಅಲ್ಲಿ ಬೈಗುಳ ಒಂದು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಪತ್ರ ಬರೆಯುವುದನ್ನೂ ಕಲಿಸಿದ್ದರು, ಪ್ರಿನ್ಸಿಪಾಲರಿಗೆ ರಜೆ ಕೇಳುವುದು ಹೇಗೆ ಅಂತ. ಅಪ್ಪನಿಗೆ ಬರೆಯುವುದು ಸಿಲೆಬಸ್ಸಿನಲ್ಲಿ ಇರಲಿಲ್ಲ.

ನೀವು ಹೇಗಿದ್ದೀರಿ? ಎಡಗಿವಿಯ ಗುಂಯ್ ಸದ್ದು ಕಡಿಮೆಯಾಯಿತಾ? ಎಂಜಿನ್ ರೂಮಿನಲ್ಲಿ ಕಿವಿಗೆ ಕೊಟ್ಟಿರುವ ಆ ದೊಡ್ಡ ಮಫ್ ಹಾಕಿಕೊಳ್ಳಿ ಅಂದರೆ, ಹಾಕಿಕೊಂಡರೆ ಮಿಷನ್ನು ಏನು ಹೇಳುತ್ತಿದೆ ಅಂತ ಕೇಳಿಸಲ್ಲ ಅನ್ನುತ್ತೀರಿ. ಫಿಟ್ಟರ್‌ಗಳೆಲ್ಲ ಹೀಗೇನಾ ಅಥವಾ ನೀವೊಬ್ಬರೇನಾ? ಹೋದ ರಜೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನು ಫ್ರಿಜ್ಜು ಎಲ್ಲ ಒಟ್ಟಿಗೆ ನಿಂತಾಗ ನಾನೂ ಅಮ್ಮನೂ ಆರಾಮಾಗಿ ಮಲಗಿದ್ದೆವು. ನೀವು ಮಾತ್ರ ದಡಬಡಿಸಿ ಎದ್ದು, ಏನು ನಿಂತಿತು, ಏನು ನಿಂತಿತು ಅಂತ ಮನೆಯೆಲ್ಲ ಓಡಾಡಿ ನಮ್ಮನ್ನೂ ಎಬ್ಬಿಸಿದಿರಿ. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಈಗ ನೆನೆದರೆ ನಗು ಬರುವುದಿಲ್ಲ. ಕೆಲಸ ಅನ್ನುವುದು ಮನುಷ್ಯರೊಳಗೆ ಹೀಗೆ ಹೊಕ್ಕು ಕೂರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ನಾನು ಚೆನ್ನಾಗಿದ್ದೇನೆ. ಅಂದರೆ, ಪರವಾಗಿಲ್ಲ. ಊಟ ಸೇರುತ್ತದೆ, ನಿದ್ದೆ ಒಮ್ಮೊಮ್ಮೆ. ಫಾರ್ಮಸಿಯೇ ಓದುತ್ತೇನೆ ಅಂತ ಹಟ ಹಿಡಿದವಳು ನಾನೇ ಆದ್ದರಿಂದ ಯಾರನ್ನೂ ದೂರುವ ಹಾಗಿಲ್ಲ. ಹೋದ ತಿಂಗಳು ಮೊದಲ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಗಾಜಿನ ಕೊಳವೆ ಹಿಡಿದು ನಿಂತಿದ್ದಾಗ ಉಸಿರು ಮೇಲೆ ಕೆಳಗೆ ಆಗಲು ಶುರುವಾಯಿತು. ಎಷ್ಟು ಎಳೆದರೂ ಗಾಳಿ ಎದೆಗೆ ಇಳಿಯಲಿಲ್ಲ. ಬೆರಳೆಲ್ಲ ಮರಗಟ್ಟಿದವು. ಸತ್ತೇ ಹೋಗುತ್ತೇನೆ ಅನಿಸಿತು, ಸುಮ್ಮನೆ ಹೇಳುತ್ತಿಲ್ಲ. ಮೇಡಂಗೆ ಏನೋ ಗೊಣಗಿ ಹೊರಗೆ ಬಂದು, ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅವಳು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದಳು. ಎತ್ತಿದವಳು ಹಲೋ ಅನ್ನಲಿಲ್ಲ. "ಆಂಬುಲೆನ್ಸ್ ಕಂಟ್ರೋಲ್. ಮೊದಲು ನೀವಿರೋ ಜಾಗ ಹೇಳಿ" ಅಂದಳು.

ಅಮ್ಮಾ ಅಂದೆ. ಅಳುವಿನಲ್ಲಿ ಅದು ಸರಿಯಾಗಿ ಹೊರಡಲಿಲ್ಲವೋ ಏನೋ. ಅವಳು ಅದೇ ದನಿಯಲ್ಲಿ ಮತ್ತೆ ಜಾಗ ಕೇಳಿದಳು. ಕಾಲೇಜಿನ ಹೆಸರು ಬಾಯಿಗೆ ಬರಲಿಲ್ಲ, ಹಿಂದಿನ ಮೆಟ್ಟಿಲು ಅಂದೆ. "ಗೋಡೆಗೆ ಒರಗಿ ಕೂತ್ಕೊಳ್ಳಿ. ನಾನು ಲೈನ್‌ನಲ್ಲೇ ಇರ್ತೀನಿ. ನನ್ನ ಜೊತೆ ನಿಧಾನಕ್ಕೆ ಉಸಿರು ಬಿಡಿ." ಕೂತ್ಕೊಳ್ಳಿ ಅಂದಳು ಅಪ್ಪ, ನನಗೆ. ಹುಟ್ಟಿದಾಗಿನಿಂದ ಕತ್ತೆ ಕೋತಿ ಅಂತ ಕರೆದವಳು ನನ್ನನ್ನು ನೀವು ಅಂದಳು. ಆದರೂ ಒಂದು ನಿಜ ಹೇಳಬೇಕು, ಅದು ಕೆಲಸ ಮಾಡಿತು. ಅಮ್ಮ ಅಮ್ಮನಾಗಿದ್ದಾಗ ಅಷ್ಟಕ್ಕೆಲ್ಲ ಹೆದರ್ತಾರಾ, ಊಟ ಮಾಡಿದ್ಯಾ ಅನ್ನುತ್ತಾಳೆ. ಅದರಿಂದ ನನಗೆ ಇನ್ನೂ ಜೋರಾಗಿ ಅಳು ಬರುತ್ತದೆ. ಈ ಹೆಂಗಸು ಬೇರೆ ಯಾರೋ ಆಗಿದ್ದಳು. ದನಿ ತಣ್ಣಗಿತ್ತು, ಆತುರ ಇರಲಿಲ್ಲ, ಪ್ರಪಂಚದಲ್ಲಿ ನನ್ನ ಉಸಿರು ಬಿಟ್ಟರೆ ಬೇರೆ ಕೆಲಸವೇ ಇಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದಳು. ಉಸಿರು ಹಿಡಿತಕ್ಕೆ ಬಂತು. ಆಗ ನಿಮ್ಮ ಹೆಸರು ಹೇಳಿ ಅಂದಳು. ನನಗೆ ಏನೂ ತೋಚದೆ ನೀವಿಬ್ಬರೂ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿ "ಬಟಾಣಿ" ಅಂದುಬಿಟ್ಟೆ. ಆ ಕಡೆಯಿಂದ ಲೈನ್ ಕಟ್ಟಾಯಿತು. ಆಂಬುಲೆನ್ಸ್ ಗಾಡಿ ಬಾಗಿಲಿಗೆ ಬರುವ ತನಕ ಫೋನ್ ಇಡಬಾರದು ಅನ್ನುವುದು ಅಮ್ಮ ಕರೆ ತೆಗೆದುಕೊಳ್ಳುವ ಕಂಟ್ರೋಲ್ ರೂಮಿನ ಮೊದಲ ಪಾಠ. ಅಮ್ಮ ಇಟ್ಟಳು.

ಇಷ್ಟು ಬರೆದು ಎದ್ದು ಹೋಗಿದ್ದೆ. ಒಂದು ಕಡೆ ಕೂರಲು ಆಗುತ್ತಿಲ್ಲ. ಈಗ ಬಟ್ಟೆ ಒಗೆಯುವ ರೂಮಿನಲ್ಲಿದ್ದೇನೆ, ಮಿಷನ್ ಅಲ್ಲಾಡಿದ ಹಾಗೆ ಅಕ್ಷರವೂ ಅಲ್ಲಾಡುತ್ತಿದೆ, ಅಡ್ಜಸ್ಟ್ ಮಾಡಿಕೊಳ್ಳಿ. ನೀವಿದ್ದರೆ ಶಬ್ದ ಕೇಳಿಯೇ ಬೇರಿಂಗ್ ಹೋಗಿದೆ ಅಂದುಬಿಡುತ್ತಿದ್ದಿರಿ.

ನಿದ್ದೆಯ ಮಂಪರಿನಲ್ಲಿ ಎತ್ತಿದಳು, ಅಷ್ಟೇ ಅಂದುಕೊಂಡೆ. ಆದರೆ ಅವಳು ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಭಾನುವಾರ ಬಸ್ಸು ಹತ್ತಿ ಮನೆಗೆ ಹೋದೆ. ಅವಳ ಫೋನು ಬೀರುವಿನಲ್ಲಿ ಟವೆಲ್ಲುಗಳ ಅಡಿಯಲ್ಲಿ ಇತ್ತು. ಅವಳು ಒಲೆಯ ಮುಂದೆ ನಿಂತು ಪಾತ್ರೆಯಲ್ಲಿ ಸೌಟು ತಿರುವುತ್ತಿದ್ದಳು, ಒಲೆ ಹಚ್ಚಿರಲಿಲ್ಲ. ಬೇರೆ ದಿನವಾಗಿದ್ದರೆ ತಮಾಷೆ ಮಾಡುತ್ತಿದ್ದೆ. ನಾನೇ ಲೈಟರ್ ಹಿಡಿದು ಹಚ್ಚಿದೆ. ನನ್ನ ಕಡೆ ತಿರುಗದೆ, "ನನ್ನ ಮಗಳ ದನಿ ನನಗೆ ಗೊತ್ತಾಗಲಿಲ್ಲ ಕಣೇ" ಅಂದಳು. ಎಲ್ಲರ ದನಿಯೂ ಒಂದೇ ಥರ ಕೇಳಿಸುತ್ತದಂತೆ ಈಗ. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಾಗಿಲು ತಟ್ಟಿದರೂ ಮೊದಲು ಯಾರಿಗೆ ಏನಾಯಿತು ಅನಿಸುತ್ತದಂತೆ. ಕೆಲಸದಲ್ಲಿ ಮಾತ್ರ ಒಂದು ತಪ್ಪಿಲ್ಲ. ಅವರ ಶಿಫ್ಟ್ ಇನ್‌ಚಾರ್ಜ್ ಹೊಸದಾಗಿ ಸೇರಿದವರಿಗೆ ಪಾಠ ಮಾಡುವಾಗ ಅಮ್ಮನ ಕರೆಗಳ ರೆಕಾರ್ಡಿಂಗನ್ನೇ ಹಾಕಿ ಕೇಳಿಸುತ್ತಾರಂತೆ, ಹೀಗೆ ಮಾತಾಡಬೇಕು ಅಂತ. ಒಂದು ದಿನ ಪಕ್ಕದ ಕೋಣೆಯಿಂದ ಅದು ಕಿವಿಗೆ ಬಿದ್ದು, ಯಾರು ಇವಳು, ಎಷ್ಟು ಕಲ್ಲುಮನಸ್ಸಿನವಳು ಅಂದುಕೊಂಡಳಂತೆ. ಆಮೇಲೆ ತಾನೇ ಅಂತ ತಿಳಿಯಿತಂತೆ. ಇದನ್ನು ಹೇಳುವಾಗ ನಕ್ಕಳು. ಆ ನಗು ನೀವು ನೋಡಬೇಕಾಗಿತ್ತು, ಅಥವಾ ಬೇಡ.

ಮಧ್ಯಾಹ್ನ ಬಾ ತರಕಾರಿ ತರೋಣ ಅಂದಳು. ಚೀಲ ಹಿಡಿದು ಹೊರಟೆವು, ಆದರೆ ಹತ್ತಿದ್ದು ಮಾರ್ಕೆಟ್ಟಿನ ಬಸ್ಸಲ್ಲ. ಯಾವುದೋ ಬಡಾವಣೆಯಲ್ಲಿ ಇಳಿದೆವು. ಒಂದು ಮೂರಂತಸ್ತಿನ ಕಟ್ಟಡದ ಎದುರು ಅವಳು ನಿಂತಳು, ನಾನೂ ನಿಂತೆ. ನೆಂಟರ ಮನೆಯಾ ಅಂದೆ, ಅವಳು ಬಾಲ್ಕನಿಗಳ ಕಡೆ ಕತ್ತೆತ್ತಿದಳು. ಅಪ್ಪ, ಅವಳ ಕೆಲಸದ ಈ ಭಾಗ ಅವಳು ನಿಮಗೆ ಹೇಳಿರಲಿಕ್ಕಿಲ್ಲ. ಗಾಡಿ ಬಂತು ಅಂದ ಕೂಡಲೇ ಆ ಮನೆಯ ಲೈನ್ ಮುಗಿಯಿತು, ಮುಂದಿನ ಕರೆ. ಆಮೇಲೆ ಆ ಮನೆಯಲ್ಲಿ ಏನಾಯಿತು ಅಂತ ಯಾರೂ ಹೇಳುವುದಿಲ್ಲ, ಕೇಳುವುದು ರೂಲ್ಸಿಗೆ ವಿರುದ್ಧ. ಜಾಗ ಮಾತ್ರ ತಲೆಯಲ್ಲಿ ಉಳಿಯುತ್ತದೆ, ಯಾಕೆಂದರೆ ಮೊದಲು ಕೇಳುವುದೇ ಜಾಗ. ಅದಕ್ಕೇ ರಜೆಯ ದಿನ ಹೀಗೆ ಬಂದು ನಿಲ್ಲುತ್ತಾಳೆ. ಬೆಲ್ ಮಾಡುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ನೋಡುತ್ತಾಳೆ. ಆ ಮನೆಯಿಂದ ಕರೆ ಮಾಡಿದ್ದು ಒಬ್ಬಳು ಮಗಳು, ಅವಳ ಅಪ್ಪ ಬಚ್ಚಲಲ್ಲಿ ಬಿದ್ದಿದ್ದರು. ಬಾಲ್ಕನಿಯ ಹಗ್ಗದಲ್ಲಿ ಒಂದು ದೊಗಳೆ ಬನಿಯನ್ ಜೋತಾಡುತ್ತಿತ್ತು, ವಯಸ್ಸಾದವರು ಹಾಕುವಂಥದ್ದು. "ಒದ್ದೆ ಇದೆ ನೋಡು, ಇವತ್ತು ಒಗೆದಿದ್ದು" ಅಂದಳು. ಅವಳ ಮುಖ ಅರಳಿದ್ದನ್ನು ನೋಡಿ, ಯಾರದೋ ಬನಿಯನ್ನಿಗೆ ಇಷ್ಟು ಖುಷಿ ಪಡುವ ಹೆಂಗಸು ನನ್ನ ಅಮ್ಮನಾ ಅನಿಸಿತು.

ಅಲ್ಲಿಂದ ಇನ್ನೊಂದು ಬೀದಿ, ಇನ್ನೊಂದು ಕರೆ ಬಂದಿದ್ದ ಮನೆ. ಅಲ್ಲಿ ಬಾಲ್ಕನಿ ಖಾಲಿ. ಅವಳು ಕದಲಲಿಲ್ಲ. ಎಷ್ಟು ಹೊತ್ತು ನಿಂತಳೆಂದರೆ ಎದುರಿನ ಟೈಲರ್ ಅಂಗಡಿಯಿಂದ ಟೇಪು ಕೊರಳಿಗೆ ಹಾಕಿಕೊಂಡ ಒಬ್ಬರು ಬಂದು, "ಮೇಡಂ, ನೀರಿನ ಮೀಟರ್ ನೋಡೋಕೆ ಬಂದ್ರಾ? ಹೋದ ವಾರಾನೂ ನಿಂತಿದ್ರಿ. ನಮ್ಮದೂ ಕೆಟ್ಟಿದೆ, ಒಂಚೂರು ಬರ್ಕೊಳ್ಳಿ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಮಾತ್ರ ಗಂಭೀರವಾಗಿ ಆಗಲಿ, ತಿಳಿಸ್ತೀನಿ ಅಂದಳು. ವಾಪಸ್ ಬರುವ ಬಸ್ಸಿನಲ್ಲಿ ನಾನು, ಅವರು ಬೇರೆ ದಿನ ಒಗೆಯುತ್ತಾರೇನೋ ಅಂದೆ. ಕಿಟಕಿಯ ಕಡೆ ಮುಖ ಮಾಡಿ, "ಹಗ್ಗಾನೇ ಬಿಚ್ಚಿಬಿಟ್ಟಿದ್ದಾರೆ" ಅಂದಳು. ಖಾಲಿ ಚೀಲ ಮಡಿಲಲ್ಲಿತ್ತು. ಅದನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು, ನಮ್ಮ ಸ್ಟಾಪ್ ಬರುವ ತನಕ ಅದೇ.

ಕೆಲಸ ಬಿಟ್ಟುಬಿಡು ಅಂದೆ. ಅಷ್ಟು ಸುಲಭವಾಗಿ ಬಾಯಿಗೆ ಬಂದಿತು, ಚಪ್ಪಲಿ ಬಿಡು ಅಂದ ಹಾಗೆ. ಅವಳು ಬಿಡುವ ಮಾತನ್ನು ಸುಮಾರು ದಿನದಿಂದ ಯೋಚಿಸಿದ್ದಾಳೆ ಅಂತ ಅವಳ ಉತ್ತರದಲ್ಲೇ ತಿಳಿಯಿತು. "ಈ ಸಲ ನಿಮ್ಮಪ್ಪನ ಸರದಿ" ಅಂದಳು. ನಿಮಗೆ ನೆನಪಿದೆಯಲ್ಲ, ನಾನು ಇಲ್ಲಿಗೆ ಹೊರಡುವ ಹಿಂದಿನ ವಾರ ನನ್ನ ಸೂಟ್‌ಕೇಸಿನ ಮುಚ್ಚಳ ಒತ್ತಿ ಹಿಡಿದುಕೊಂಡೇ ನೀವಿಬ್ಬರೂ ಮಾಡಿದ ತೀರ್ಮಾನ: ನನ್ನ ಓದು ಮುಗಿಯುವ ತನಕ ಇಬ್ಬರಲ್ಲಿ ಒಬ್ಬರು ಮಾತ್ರ ಕೆಲಸ ಬಿಡಬಹುದು, ಮೊದಲು ನೀವು. ಈ ಹಡಗೇ ಕೊನೆಯದು, ಆಮೇಲೆ ನಮ್ಮ ಬೀದಿಯ ಮೂಲೆಯಲ್ಲಿ ಮೋಟಾರ್ ರಿಪೇರಿ ಅಂಗಡಿ. ಅಂಗಡಿಗೆ ಯಾವ ಬಣ್ಣ ಅಂತ ನಾವು ಮೂವರೂ ಜಗಳವಾಡಿದ್ದೆವು. ಹಾಗಾದರೆ ನಾನೇ ಕಾಲೇಜು ಬಿಡುತ್ತೇನೆ, ಆಗ ಇಬ್ಬರೂ ಬಿಡಬಹುದಲ್ಲ ಅಂದೆ. ಅಮ್ಮನಿಗೆ ಆ ದಿನ ಮೊದಲ ಸಲ ಸಿಟ್ಟು ಬಂತು. "ಈ ಮನೇಲಿ ಬಿಡೋರ ಕ್ಯೂ ಆಗಲೇ ಉದ್ದ ಇದೆ, ನೀನು ಹಿಂದೆ ಹೋಗಿ ನಿಂತ್ಕೋ" ಅಂದಳು. ಅದು ನಮ್ಮ ಹಳೆಯ ಅಮ್ಮ. ಬೈಸಿಕೊಂಡು ಅಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ.

ಡಾಕ್ಟರ ಹತ್ತಿರ ಹೋಗು ಅಂತ ಗೋಗರೆದೆ, ಹೋದಳು. ಅವರು ನಿದ್ದೆಗೆ ಮಾತ್ರೆ ಕೊಟ್ಟು, ಇದು ಮಾತ್ರೆಯಿಂದ ಹೋಗುವುದಲ್ಲಮ್ಮ, ಆ ಕುರ್ಚಿಯಿಂದ ಏಳಬೇಕು ಅಂದರಂತೆ. ಅದನ್ನು ನನಗೆ ಹೇಳಿದಳು, ನಿಮಗೆ ಹೇಳಕೂಡದು ಅಂತಲೂ ಹೇಳಿದಳು. ನಿಮ್ಮಪ್ಪ ಅಲ್ಲಿ ದಿನ ಎಣಿಸ್ತಾ ಕೂತಿದ್ದಾರೆ, ನಾನು ಮೊದಲು ಬಿಡಲಾ ಅಂತ ಕೇಳಿದರೆ ಹಿಂದೆ ಮುಂದೆ ನೋಡದೆ ಹೂಂ ಅಂದುಬಿಡ್ತಾರೆ, ಆಮೇಲೆ ಇನ್ನೊಂದು ಕಿವಿನೂ ಹೋಗುತ್ತೆ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೂ ಇಲ್ಲ. ನಿಮ್ಮ ಕಡೆಯಿಂದ ನೋಡಿದರೆ ನೀವು, ಅವಳ ಕಡೆಯಿಂದ ನೋಡಿದರೆ ಅವಳು. ನಾನು ನಡುವೆ ಗಡಿಯಾರದ ಲೋಲಕದ ಹಾಗೆ ಆ ಕಡೆ ಈ ಕಡೆ ಹೋಗುತ್ತಿದ್ದೇನೆ. ಮುಂದಿನ ಬಂದರಿನಲ್ಲಿ ಕಂಪನಿಗೆ ನೀವು ಮುಂದುವರಿಯುತ್ತೀರೋ ಇಲ್ಲವೋ ಹೇಳಬೇಕು ಅಂದಿದ್ದಿರಿ. ಅದಕ್ಕೆ ಮೊದಲು ಇದು ನಿಮ್ಮ ಕೈಗೆ ಸಿಗಲಿ ಅಂತ ಕಂಪನಿಯ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಅಷ್ಟು ದೊಡ್ಡವಳಾಗಿಲ್ಲ. ನಿಮಗೆ ತಿಳಿದಿರಲಿ ಅಂತ ಮಾತ್ರ.

ಎಲ್ಲೇ ಇರಿ, ಹುಷಾರಾಗಿರಿ. ಆ ಮಫ್ ಹಾಕಿಕೊಳ್ಳಿ, ಮಿಷನ್ನು ಹೇಳುವುದನ್ನು ಸ್ವಲ್ಪ ದಿನ ಬೇರೆಯವರು ಕೇಳಿಸಿಕೊಳ್ಳಲಿ. ನಿಮ್ಮ ಕಾಲಿಗೆ ನನ್ನ ನಮಸ್ಕಾರ, ತಲೆಗೆ ಒಂದು ಮುತ್ತು.

ನಿಮ್ಮ
ಬಟಾಣಿ

ವಿ.ಸೂ.: ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಿದ್ದೆಯ ಮಂಪರು ಅಂತ ಮೇಲೆ ಬರೆದೆನಲ್ಲ. ನಿನ್ನೆ ಸಂಜೆ ನನ್ನ ಫೋನ್ ಚಾರ್ಜ್ ಮುಗಿದು ವಾರ್ಡನ್ ಆಫೀಸಿನ ಫೋನಿನಿಂದ ಅಮ್ಮನಿಗೆ ಮಾಡಿದೆ. ಎಚ್ಚರವಾಗಿಯೇ ಇದ್ದಳು, ಹಿಂದೆ ಮಿಕ್ಸಿ ತಿರುಗುತ್ತಿತ್ತು. ನಾನು ಅಳುತ್ತಿರಲಿಲ್ಲ. ಅಮ್ಮಾ, ನಾನು ಕಣೇ ಅಂದೆ, ದಿನಾ ಅನ್ನುವ ಹಾಗೆ. ಮಿಕ್ಸಿ ನಿಲ್ಲಿಸಿ, "ಗಾಬರಿ ಆಗಬೇಡಿ, ಮೊದಲು ನೀವಿರೋ ಜಾಗ ಹೇಳಿ" ಅಂದಳು. ಈ ಸಲ ಫೋನ್ ಇಟ್ಟವಳು ನಾನು. ಅದು ನಾನು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಆ ಹುಡುಗಿ ಎಲ್ಲಿದ್ದಳೋ, ಏನಾದಳೋ ಅಂತ ಇವತ್ತೆಲ್ಲ ಯೋಚಿಸುತ್ತಿರುತ್ತಾಳೆ. ಜಾಗ ಗೊತ್ತಿಲ್ಲವಲ್ಲ, ಹೋಗಿ ನಿಂತು ನೋಡಲೂ ಆಗುವುದಿಲ್ಲ. ಇವತ್ತು ಪೋಸ್ಟ್ ಹಾಕಿ ಬಸ್ಸು ಹತ್ತುತ್ತೇನೆ, ಎದುರಿಗೇ ನಿಂತು ನಾನೇ ಅಂತ ಹೇಳುತ್ತೇನೆ. ಅಪ್ಪ, ನಿಮ್ಮ ಸರದಿಯನ್ನು ಅಮ್ಮನಿಗೆ ಕೊಡಿ. ಅವಳು ಬೇಡ ಅನ್ನುತ್ತಾಳೆ, ಕೇಳಬೇಡಿ. ನಿಮಗೂ ಆಗದಿದ್ದರೆ ಆಗಲ್ಲ ಅಂತಲೇ ಬರೆಯಿರಿ, ನಾನು ಕೋಪ ಮಾಡಿಕೊಳ್ಳುವುದಿಲ್ಲ. ಆದರೆ ಬೇಗ ಉತ್ತರ ಬರೆಯಿರಿ.