ಸಿಸ್ಟರ್ ಬೆನಿಗ್ನಾಳ ಎದುರು

ಬ್ಯಾಲಿಕರ್ರಿನ್, ಐರ್ಲೆಂಡ್
9 ಅಕ್ಟೋಬರ್ 2014

ನನ್ನ ಬಂಗಾರದಂಥ ನೂಲಾ,

ಮಂಡಿ ನೋವು ಇಳಿಯಿತೇನೇ? ನಿನ್ನ ಕಾಗದ ಬಂದು ತಿಂಗಳಾಯ್ತು, ಬೈಕೋಬೇಡ. ಆ ಸಮಾರಂಭ ಮುಗಿಸಿಕೊಂಡೇ ಬರೆಯೋಣ ಅಂತಿದ್ದೆ. ಮುಗಿದ ಮೇಲೆ ಬರೆಯೋಕೆ ಮನಸ್ಸೇ ಬರಲಿಲ್ಲ.

ಸರ್ಕಾರದವರು ಕ್ಷಮೆ ಕೇಳಿದರು ಕಣೇ, ಅದೂ ನಮ್ಮನ್ನು ಕೂಡಿಹಾಕಿ ಊರಿನವರ ಬಟ್ಟೆ ಒಗೆಸಿದ ಸನ್ಯಾಸಿನಿಯರ ಅದೇ ಕಾನ್ವೆಂಟಿನಲ್ಲಿ. ಈಗದು ಹೋಟೆಲ್ಲು. ಬಾಯ್ಲರ್ ಇದ್ದ ಕಡೆ ಮದುವೆ ಊಟ ಹಾಕ್ತಾರಂತೆ. ಮಂತ್ರಿ ಬಂದ, ಕಣ್ಣೊರೆಸಿಕೊಂಡ, "ಈ ದೇಶ ನಿಮ್ಮ ಕೈಬಿಟ್ಟಿತು" ಅಂದ. ಕೈಬಿಟ್ಟಿತಂತೆ. ಬಿಟ್ಟಿದ್ದರೆ ಓಡಿಹೋಗ್ತಿರಲಿಲ್ವಾ ನಾವು? ಓಡಿದಾಗೆಲ್ಲ ಪೊಲೀಸರೇ ಹಿಡಿದು ತಂದು ಒಳಗೆ ತಳ್ಳಿದ್ದು.

ಆಗ ನಮ್ಮ ಜೊತೆ ಇಸ್ತ್ರಿ ಕೋಣೆಯಲ್ಲಿದ್ದ ಬ್ರೀಡ್ ನನ್ನ ಪಕ್ಕದಲ್ಲೇ ಕೂತಿದ್ದಳು. ಮೇಜಿನ ಬಟ್ಟೆ ಮುಟ್ಟಿ ನೋಡಿ, "ಗಂಜಿ ಸಾಲದು ಕಣೇ. ಆಗ ನಾವು ಹೀಗೆ ಮಾಡಿದ್ರೆ ನಮಗೆ ರಾತ್ರಿ ಊಟ ಇರ್ತಿರಲಿಲ್ಲ" ಅಂದಳು. ಮಂತ್ರಿ ಅಳ್ತಿದ್ದಾನೆ, ನಾವಿಬ್ಬರೂ ನಗು ತಡೆಯಲಾರದೆ ಒದ್ದಾಡ್ತಿದ್ದೇವೆ.

ನಾನು ಹೋಗಿದ್ದು ಅವನ ಕಣ್ಣೀರು ನೋಡೋಕಲ್ಲ, ನಿನಗೇ ಗೊತ್ತು. ಸಿಸ್ಟರ್ ಬೆನಿಗ್ನಾ ಬರ್ತಾಳೆ ಅಂತ ಸುದ್ದಿಯಿತ್ತು. ಅಲ್ಲಿಗೆ ಸೇರಿದ ದಿನ ಬಾಗಿಲಲ್ಲೇ ನಮ್ಮ ಹೆಸರು ಕಿತ್ತುಕೊಂಡು ನಿನಗೆ ಅಲೋಶಿಯಸ್, ನನಗೆ ಇಗ್ನೇಷಿಯಸ್ ಅಂತ ಗಂಡು ಸಂತರ ಹೆಸರು ಅಂಟಿಸಿದವಳು. "ನಾನು ಡಿಂಪ್ನಾ ಟೂಹಿ, ನನ್ನ ಗೆಳತಿ ನೂಲಾ ಹೆನಿಗನ್. ಒಂದು ಸಲ ನಮ್ಮ ಹೆಸರು ಹಿಡಿದು ಕರೀರಿ" ಅಂತ ಅವಳ ಮುಖಕ್ಕೆ ನೇರ ಹೇಳಬೇಕು ಅಂತ ಫೋನಿನಲ್ಲಿ ಎಷ್ಟು ಸಲ ಅಭ್ಯಾಸ ಮಾಡಿದ್ವಿ ನಾವು.

ಬಂದಿದ್ದಳು, ಗಾಲಿಕುರ್ಚಿಯಲ್ಲಿ. ತೊಂಬತ್ತು ದಾಟಿದೆ. ಅಧಿಕಾರಿ ಹೆಂಗಸೊಬ್ಬಳು ನನ್ನ ಕಿವಿಯಲ್ಲಿ, "ಅವರಿಗೆ ನೆನಪು ಹೋಗಿದೆ ಅಮ್ಮಾ, ಪಾಪ, ಏನೂ ಕೇಳಬೇಡಿ" ಅಂದಳು. ಪಾಪ ಅಂತೆ, ಅವಳು! ನನಗೆ ಮೈಯೆಲ್ಲ ಉರಿದುಹೋಯ್ತು.

ಉಳಿದಿದ್ದನ್ನು ಸಿಕ್ಕಾಗ ಹೇಳ್ತೀನಿ. ನಿಮ್ಮೂರು ಕೊವೆಂಟ್ರಿಯಲ್ಲಿ ಚಳಿ ಶುರುವಾಗಿರಬೇಕು, ಬೆಚ್ಚಗಿರು, ಮಾತ್ರೆ ತಪ್ಪಿಸಬೇಡ. ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ
ಡಿಂಪ್ನಾ

ತಾ.ಕ.: ನಿನ್ನ ಹತ್ತಿರ ಮುಚ್ಚಿಡೋಕೆ ಆಗ್ತಿಲ್ಲ. ನೆನಪು ಹೋಗಿದೆ ಅಂದರಲ್ಲ, ಆ ಮುದುಕಿ ನನ್ನನ್ನು ನೋಡಿದ ಕೂಡಲೇ, "ಇಗ್ನೇಷಿಯಸ್, ಈ ಟೀ ಕಪ್ಪುಗಳನ್ನ ತೆಗಿ" ಅಂದಳು. ನಾನು ಎದ್ದು ನಿಂತೆ, ನೂಲಾ. "ಆಯ್ತು ಸಿಸ್ಟರ್" ಅಂದೆ. ಎಲ್ಲರೂ ನೋಡ್ತಿದ್ದ ಹಾಗೇ ಕಪ್ಪುಗಳನ್ನು ಅಡುಗೆಮನೆಗೆ ಒಯ್ದು ತೊಳೆದಿಟ್ಟೆ. ನಮ್ಮ ಹೆಸರು ನನ್ನ ಬಾಯಿಗೇ ಬರಲಿಲ್ಲ.