ಕೊನೆಯ ಪುಟ ಕಡಿದ ಇಲಿ

ಭಾತಂಬ್ರಾ
ಭಾನುವಾರ

ಕಾಶೀರಾಮ ಕಾಕಾ ಅವರಿಗೆ ಸಪನಾಳ ನಮಸ್ಕಾರ.

ನೀವು ಮನೆಯಲ್ಲಿ ನಡೆಸುವ ವಾಚನಾಲಯದಿಂದ ನನ್ನ ಮಗಳು ಪ್ರಣಾಲಿ ಈಚೆಗೆ ತಂದ ಯಾವ ಕಥೆಪುಸ್ತಕದಲ್ಲೂ ಕೊನೆಯ ಪುಟವಿಲ್ಲ. ಕೇಳಿದರೆ "ಇಲಿ ಕಡದಾವ ನೋಡವ್ವ" ಎಂದಿರಿ. ನಿಮ್ಮ ಮನೆಯ ಇಲಿಗಳು ಅಳತೆಪಟ್ಟಿ ಹಿಡಿದು ಇಷ್ಟು ನೆಟ್ಟಗೆ ಕಡಿಯುತ್ತವೆಯೇ?

ಅವಳ ಚಾಳಿಯನ್ನು ನಿಮಗೆ ಹೇಳಿದವಳು ನಾನೇ. ಯಾವ ಪುಸ್ತಕ ಕೊಟ್ಟರೂ ಮೊದಲು ಕೊನೆಯ ಪುಟ ಓದಿ, "ಗೊತ್ತಾಯ್ತು, ಇದು ಬ್ಯಾಡ" ಎಂದು ಮೂಲೆಗೆ ಎಸೆಯುತ್ತಿದ್ದಳು. ಬೀದರಿನಿಂದ ತರಿಸಿದ ಬಣ್ಣದ ಪುಸ್ತಕಗಳಿಗೂ ಅದೇ ಗತಿ. ಈಗ ಊಟಕ್ಕೆ ಕರೆದರೂ ಏಳುವುದಿಲ್ಲ. ಮೊದಲಿನಿಂದ ಓದುತ್ತಾಳೆ, ಇಲ್ಲದ ಕೊನೆಯನ್ನು ತಾನೇ ಕಟ್ಟಿ ಅಜ್ಜಿಗೆ ಹೇಳುತ್ತಾಳೆ. ನನಗೆ ಸಂಶಯ ಬಂದದ್ದೇ ಆಗ. ಕತ್ತರಿ ನಿಮ್ಮದೇ, ಕಾಕಾ.

ನಿನ್ನೆ ಕಳೆದುಹೋದ ಆಡಿನ ಕಥೆ ಓದಿದಳು. ಅವಳ ಪ್ರಕಾರ ಆಡು ಮರಿಗಳನ್ನು ಕರೆದುಕೊಂಡು ತಾನಾಗಿಯೇ ಮನೆಗೆ ಬರುತ್ತದೆ, ಆದರೆ ಒಡತಿಯನ್ನು ಗುರುತಿಸುವುದಿಲ್ಲ. ನಮ್ಮ ಅತ್ತೆ ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಹೇಳವ್ವ" ಎಂದರು.

ಪುಸ್ತಕ ಕತ್ತರಿಸುವುದು ತಪ್ಪು. ಕತ್ತರಿಸಿದ್ದನ್ನು ನೀವು ಎಸೆದಿರಲಿಕ್ಕಿಲ್ಲ ಎಂದೂ ನನಗೆ ಗೊತ್ತು. ಆಡಿನ ಕಥೆಯ ಪುಟವನ್ನು ಈ ಪತ್ರ ತಂದ ಅತ್ತೆಯ ಕೈಯಲ್ಲಿ, ಮಡಚಿ ಕಳಿಸಿ. ಪ್ರಣಾಲಿಗೆ ತಿಳಿಯಬಾರದು. ಅಚ್ಚಾದ ಕೊನೆಗಿಂತ ನನ್ನ ಮಗಳು ಹೇಳಿದ್ದೇ ಚೆನ್ನಾಗಿದೆಯೆಂಬ ಇನ್ನೊಂದು ಸಂಶಯ ನನಗಿದೆ. ಓದಿ ಖಾತ್ರಿ ಮಾಡಿಕೊಳ್ಳಬೇಕು.

ಅದು ನಿಜವಾದರೆ, ಮುಂದಿನ ಪುಸ್ತಕವನ್ನೂ ಇಲಿ ಕಡಿಯಲಿ.

ಇಂತಿ,
ಪ್ರಣಾಲಿಯ ತಾಯಿ
ಸಪನಾ